ಶುಭೋದಯದ ಗೂಬೆ

ಚಿಕ್ಕಗಂಗಮ್ಮ ಫಾರ್ವರ್ಡ್ ಮಾಡುವವರಲ್ಲ. ಬ್ಯಾಡರಹಳ್ಳಿಯ ಕೆರೆ ಏರಿಯ ಮೇಲೆ ಬೆಳಗಾದರೆ ಕೈಬೀಸಿಕೊಂಡು ಓಡಾಡುವ ವಾಕಿಂಗ್ ಬಳಗಕ್ಕೆಲ್ಲ ಇದು ಗೊತ್ತಿದ್ದ ಸಂಗತಿ. ಗೊತ್ತಿಲ್ಲದವರಿಗೆ ಅವರೇ ಗೊತ್ತುಮಾಡಿಸಿದ್ದರು. ಬಳಗದ ವಾಟ್ಸಾಪ್ ಗುಂಪಿಗೆ ಒಂದು ದಿನ ಮಿಂಚುಳ್ಳಿಯ ಫೋಟೋ ಹಾಕಿದಾಗ ಯಾರೋ ಪುಣ್ಯಾತ್ಮರು, ಸೂಪರ್ ಆಂಟಿ, ಎಲ್ಲಿ ಡೌನ್‌ಲೋಡ್ ಮಾಡಿದ್ರಿ ಎಂದು ಕೇಳಿಬಿಟ್ಟರು. ಚಿಕ್ಕಗಂಗಮ್ಮನಿಗೆ ಟೈಪ್ ಮಾಡುವಷ್ಟು ತಾಳ್ಮೆ ಎಲ್ಲಿಂದ ಬರಬೇಕು? ಮೈಕಿನ ಗುರುತು ಒತ್ತಿ ಹಿಡಿದರು. ಕೆಸರಲ್ಲಿ ನಿಂತಿದ್ದು ನಾನು, ಸೊಳ್ಳೆ ಕಚ್ಚಿಸಿಕೊಂಡಿದ್ದು ನಾನು, ಇನ್ನೊಬ್ಬರ ಫೋಟೋ ಕಳಿಸೋ ಗತಿ ನನಗಿನ್ನೂ ಬಂದಿಲ್ಲ ಎಂದು ಒಂದೇ ಉಸಿರಿನಲ್ಲಿ ಹೇಳಿ ಕಳಿಸಿದರು. ಆ ದನಿ ಕೇಳಿದ ಮೇಲೆ ಕೆಲವು ದಿನ ಆ ಗುಂಪಿನಲ್ಲಿ ಗುಲಾಬಿ ಹೂವಿನ ಶುಭೋದಯಗಳೂ ಹೆದರಿಕೊಂಡೇ ಬಂದವು.

ಇನ್ನೇನು ಅರವತ್ತು ತುಂಬಲಿರುವ ಹೆಂಗಸು. ಹುಟ್ಟಿದ್ದು ಗೋವಿಂದರಾಜನಗರದ ವಠಾರವೊಂದರಲ್ಲಿ, ಮದುವೆಯಾಗಿ ಬಂದದ್ದು ಬ್ಯಾಡರಹಳ್ಳಿಗೆ, ಜೀವ ತೇದದ್ದು ರಾಜಾಜಿನಗರದ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ. ಮಾಗಡಿ ರಸ್ತೆಯ ಬಸ್ಸಿನಲ್ಲಿ ನಿಂತುಕೊಂಡೇ ಹೋಗಿ ನಿಂತುಕೊಂಡೇ ಬಂದ ವರ್ಷಗಳು ಅವು. ಬೈಂಡಿಂಗ್ ವಿಭಾಗದ ಕೆಲಸ. ಹಾಳೆ ಮಡಿಸಬೇಕು, ಪಿನ್ನು ಹೊಡೆಯಬೇಕು, ಲಗ್ನಪತ್ರಿಕೆಗೆ ಬಣ್ಣದ ದಾರ ಪೋಣಿಸಬೇಕು. ವರ್ಷದ ಕೊನೆ ಬಂತೆಂದರೆ ಕ್ಯಾಲೆಂಡರುಗಳ ರಾಶಿ. ಒಂದೊಂದರ ತಲೆಗೂ ತಗಡಿನ ಪಟ್ಟಿ ಕೂರಿಸಿ ಒತ್ತುವಷ್ಟರಲ್ಲಿ ಹೆಬ್ಬೆರಳ ಚರ್ಮ ಸುಲಿದು ಬರುತ್ತಿತ್ತು. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿಕೊಂಡು ಕೂತಾಗ ಆ ಕ್ಯಾಲೆಂಡರುಗಳನ್ನೇ ನೋಡುತ್ತಿದ್ದರು. ಜಲಪಾತ, ನವಿಲು, ಆನೆಯ ಹಿಂಡು. ಒಂದೊಂದು ಚಿತ್ರದ ಮೂಲೆಯಲ್ಲೂ ಇರುವೆ ಸಾಲಿನಷ್ಟು ಸಣ್ಣದಾಗಿ, ಛಾಯಾಚಿತ್ರ ಇಂಥವರದು ಎಂದು ಬರೆದಿರುತ್ತಿತ್ತು. ಬೇರೆ ಹೆಂಗಸರು ಆನೆ ನೋಡಿದರೆ ಚಿಕ್ಕಗಂಗಮ್ಮ ಆ ಹೆಸರನ್ನು ಓದುತ್ತಿದ್ದರು. ಯಾರೋ ಒಬ್ಬರು ಬೆಳಗ್ಗೆ ಎದ್ದು ಎಲ್ಲಿಗೋ ಹೋಗಿ ಏನನ್ನೋ ನೋಡಿದರು, ಅಷ್ಟಕ್ಕೆ ಊರೆಲ್ಲರ ಗೋಡೆಯ ಮೇಲೆ ಒಂದು ವರ್ಷ ಅವರ ಹೆಸರು ಉಳಿಯಿತಲ್ಲ ಎಂದು ಆಶ್ಚರ್ಯವಾಗುತ್ತಿತ್ತು. ಇವರದೇ ಹೆಸರು ಅಚ್ಚಾದದ್ದು ಎಲ್ಲಿ? ಮಗನ ಲಗ್ನಪತ್ರಿಕೆಗೆ ಇವರೇ ಕೈಯಾರೆ ದಾರ ಪೋಣಿಸಿದರು, ಅದರಲ್ಲೂ ‘ಶ್ರೀಮತಿ ಮತ್ತು ಶ್ರೀ’ ಎಂದು ಹಾಕಿ ಗಂಡನ ಹೆಸರು ಬರೆದು ಮುಗಿಸಿದ್ದರು.

ಪ್ರೆಸ್ಸು ಮುಚ್ಚಿದಾಗ ಮಾಲೀಕರು ಹಳಬರನ್ನೆಲ್ಲ ಕರೆದು, ನೆನಪಿಗೆ ಏನಾದರೂ ತಗೊಂಡು ಹೋಗಿ ಎಂದರು. ಒಬ್ಬಳು ಕುಕ್ಕರು ಕೇಳಿದಳು, ಇನ್ನೊಬ್ಬ ಗೋಡೆ ಗಡಿಯಾರ ಕೇಳಿದ. ಚಿಕ್ಕಗಂಗಮ್ಮ ಕೇಳಿದ್ದು ಮೇಜಿನ ಡ್ರಾಯರಿನಲ್ಲಿ ಬಿದ್ದಿದ್ದ ಹಳೆಯ ಕ್ಯಾಮೆರಾ. ಮೂತಿ ಮುಂದಕ್ಕೆ ಚಾಚಿ ದೂರದ್ದನ್ನು ಹತ್ತಿರ ತರುವಂಥದ್ದು. ಮಾಲೀಕರು ನಕ್ಕು ಕೊಟ್ಟುಬಿಟ್ಟರು. ಮನೆಗೆ ತಂದಾಗ ಗಂಡ, ಈ ವಯಸ್ಸಲ್ಲಿ ಇದೆಲ್ಲ ಯಾಕೆ ಬೇಕು ಎಂದು ಗೊಣಗಿದರು. ಸೊಸೆ ಮಾಲಾ ಮಾತ್ರ ಅದನ್ನು ಚಾರ್ಜಿಗೆ ಹಾಕಿ, ಅತ್ತೆಯ ಕೈಗೆ ಕೊಟ್ಟು, ಎಲ್ಲಿ ಒತ್ತಬೇಕು ಎಂದು ತೋರಿಸಿದಳು. ತೆಗೆದದ್ದನ್ನು ಫೋನಿಗೆ ಇಳಿಸಿಕೊಡುವುದು ಅವತ್ತಿನಿಂದ ಅವಳದೇ ಕೆಲಸ.

ಮೊದಲ ತಿಂಗಳ ಚಿತ್ರಗಳಲ್ಲಿ ಹಕ್ಕಿ ಇದ್ದದ್ದು ಕಡಿಮೆ, ಹಕ್ಕಿ ಹಾರಿಹೋದ ಕೊಂಬೆಗಳೇ ಹೆಚ್ಚು. ಬರಬರುತ್ತಾ ಅವರಿಗೆ ಒಂದು ವಿಷಯ ಹೊಳೆಯಿತು: ಹಕ್ಕಿಯ ಹಿಂದೆ ಹೋದರೆ ಹಕ್ಕಿ ಓಡುತ್ತದೆ, ಸುಮ್ಮನೆ ನಿಂತರೆ ಅದೇ ಬರುತ್ತದೆ. ಜೀವನವಿಡೀ ನಿಂತೇ ದುಡಿದವರಿಗೆ ನಿಲ್ಲುವುದು ಹೇಳಿಕೊಡಬೇಕೇ? ಬಳಗದವರು ಬಿರುಸಾಗಿ ಸುತ್ತು ಹೊಡೆಯುತ್ತಿದ್ದರೆ ಇವರು ಜೊಂಡು ಬೆಳೆದ ಮೂಲೆಯಲ್ಲಿ ನಿಂತಿರುತ್ತಿದ್ದರು. ನೀರುಕಾಗೆ ರೆಕ್ಕೆ ಅಗಲಿಸಿ ಒಣಗಿಸಿಕೊಳ್ಳುವುದು, ಕೊಳಬಕ ಉಸಿರು ಬಿಗಿಹಿಡಿದು ಮೀನಿಗೆ ಕಾಯುವುದು, ಮುಂಗುಸಿಯೊಂದು ಏರಿ ದಾಟುವಾಗ ನಡುದಾರಿಯಲ್ಲಿ ನಿಂತು ಜನರನ್ನು ದುರುಗುಟ್ಟಿ ನೋಡುವುದು, ಎಲ್ಲ ಸಿಕ್ಕವು. ಅತ್ತ ಮಾಗಡಿ ರಸ್ತೆಯ ಹಾರನ್ನು, ಇತ್ತ ನೀರಿನ ಮೇಲೆ ಮಂಜು. ಆ ಒಂದು ಗಂಟೆ ಮಂಡಿನೋವು, ಅಡುಗೆ, ಗಂಡನ ಗೊಣಗಾಟ ಯಾವುದೂ ನೆನಪಾಗುತ್ತಿರಲಿಲ್ಲ. ಮನೆಗೆ ಬಂದು ಪ್ರೆಸ್ಸಿನಲ್ಲಿ ಹಾಳೆ ಆರಿಸುತ್ತಿದ್ದ ಹಾಗೆ, ಮಸುಕಾದದ್ದನ್ನೆಲ್ಲ ನಿರ್ದಯವಾಗಿ ಅಳಿಸಿ ಒಂದೋ ಎರಡೋ ಉಳಿಸಿಕೊಳ್ಳುತ್ತಿದ್ದರು. ಅದರ ಮೇಲೆ ಮಾಲಾ ಹೂವಿನ ಬಳ್ಳಿ ಸುತ್ತಿಸಿ ‘ಶುಭೋದಯ’ ಎಂದು ಬರೆದುಕೊಡುತ್ತಿದ್ದಳು. ಗುಂಪಿಗೆ ಹೋಗುತ್ತಿತ್ತು.

ಈ ಚಿತ್ರಗಳನ್ನು ಮೊದಲು ಮೆಚ್ಚಿದವರು ಬಳಗದ ಕಾರ್ಯದರ್ಶಿ ಹನುಮಂತಯ್ಯ. ತಾಲ್ಲೂಕು ಕಚೇರಿಯಿಂದ ನಿವೃತ್ತರಾದವರು, ಮಾತು ಹೆಚ್ಚು, ಮನಸ್ಸು ಒಳ್ಳೆಯದು. ಬಳಗದಿಂದ ಹೊಸ ವರ್ಷಕ್ಕೆ ಒಂದು ಕ್ಯಾಲೆಂಡರ್ ಮಾಡಿಸೋಣ, ಎಲ್ಲಿಂದಲೋ ಎತ್ತಿದ ಚಿತ್ರ ಬೇಡ, ನಮ್ಮ ಕೆರೆಯ ಹಕ್ಕಿಗಳು, ನಮ್ಮ ಗಂಗಮ್ಮನೋರು ತೆಗೆದದ್ದು ಎಂದು ಸಭೆಯಲ್ಲಿ ಎದ್ದು ನಿಂತು ಹೇಳಿದರು. ದೇವರ ಚಿತ್ರವೇ ಇರಲಿ ಎಂದವರ ಹತ್ತಿರ ಜಗಳವನ್ನೂ ಆಡಿದರು. ಕೊನೆಗೆ ಗೆದ್ದು, ಒಂದೊಂದು ಚಿತ್ರದ ಕೆಳಗೂ ನಿಮ್ಮ ಹೆಸರು ಹಾಕಿಸ್ತೀನಿ, ಪೂರ್ತಿ ಹೆಸರು ಏನು ಅಂತ ಬರೆದುಕೊಡಿ ಎಂದು ಚೀಟಿ ಕೊಟ್ಟರು. ಚಿಕ್ಕಗಂಗಮ್ಮ ಅವತ್ತು ಮನೆಗೆ ನಡೆದು ಬಂದರೋ ತೇಲಿ ಬಂದರೋ ಅವರಿಗೇ ಗೊತ್ತಿಲ್ಲ. ಅಕ್ಷರ ದಪ್ಪ ಇರಲಿ ಅಂತ ಹೇಳೋದಾ ಬೇಡವಾ ಎಂದು ಸೊಸೆಯನ್ನು ಮೂರು ಸಲ ಕೇಳಿದರು.

ಹೀಗಿರುವಾಗ ಗೂಬೆ ಬಂತು. ಬಂತು ಅನ್ನುವುದು ತಪ್ಪು, ಅದು ಮೊದಲಿನಿಂದಲೂ ಅಲ್ಲೇ ಇತ್ತು.

ಕೆರೆ ಏರಿ ಮುಗಿಯುವ ಕಡೆ ರಾಚಪ್ಪ ಅನ್ನುವವರ ಮನೆ. ಗದಗದ ಕಡೆಯವರು, ಬಂದು ಬಹಳ ವರ್ಷವಾಗಿಲ್ಲ, ಮಾಗಡಿ ರಸ್ತೆಯಲ್ಲಿ ಗ್ರಾನೈಟಿನ ಅಂಗಡಿ ಇಟ್ಟಿದ್ದಾರೆ. ಹಿಂದೆ ಆ ಜಾಗವೆಲ್ಲ ಮಾವಿನ ತೋಪಾಗಿತ್ತು. ಸೈಟು ಮಾಡಿದವರು ಕಡಿಯಲು ಮರೆತ ಒಂದೇ ಒಂದು ಮುದಿಮರ ರಾಚಪ್ಪನವರ ಗೇಟಿನ ಪಕ್ಕ ಉಳಿದುಕೊಂಡಿತ್ತು. ಮೈತುಂಬ ಗಂಟು, ಗಂಟಿಗೊಂದು ಪೊಟರೆ. ಚಳಿ ಹಿಡಿದಿದ್ದ ಒಂದು ಬೆಳಗ್ಗೆ ಚಿಕ್ಕಗಂಗಮ್ಮ ಅದರ ಕೆಳಗೆ ಶಾಲು ಸರಿಪಡಿಸಿಕೊಳ್ಳುತ್ತಾ ನಿಂತಾಗ, ಮೇಲಿನಿಂದ ಯಾರೋ ನೋಡುತ್ತಿದ್ದಾರೆ ಅನ್ನಿಸಿತು. ತಲೆಯೆತ್ತಿದರೆ ಪೊಟರೆಯ ಬಾಯಲ್ಲಿ ಮುಷ್ಟಿಯಷ್ಟು ದೊಡ್ಡ ಎರಡು ಮರಿಗಳು, ಒಂದರ ಪಕ್ಕ ಒಂದು. ಬೂದು ಬಣ್ಣದ ತುಪ್ಪಳ, ಹಳದಿ ಕಣ್ಣು. ಕೊಂಬೆಯ ಮೇಲೆ ತಾಯಿ ಕೂತು ಇವರನ್ನೇ ನೋಡುತ್ತಾ ತಲೆ ಮೇಲೆ ಕೆಳಗೆ ಆಡಿಸುತ್ತಿತ್ತು. ಒಂದು ಮರಿ ಒಂದು ಕಣ್ಣು ಮುಚ್ಚಿ ಇನ್ನೊಂದನ್ನು ತೆರೆದುಕೊಂಡಿತ್ತು. ನಿದ್ದೆಯನ್ನೂ ಬಿಡಲಾರದ, ನೋಡುವುದನ್ನೂ ಬಿಡಲಾರದ ಮಕ್ಕಳಿರುತ್ತವಲ್ಲ, ಹಾಗೆ. ಚಿಕ್ಕಗಂಗಮ್ಮ ಉಸಿರು ಬಿಗಿಹಿಡಿದು ಒತ್ತಿದರು. ಮನೆಗೆ ಬಂದು ನೋಡಿದರೆ ಅಷ್ಟು ದಿನ ತೆಗೆದದ್ದೆಲ್ಲ ಒಂದು ಕಡೆ, ಇದು ಒಂದು ಕಡೆ. ಗರಿಗರಿಯೂ ಎಣಿಸುವಂತಿತ್ತು. ಖುಷಿಗೆ ಕಣ್ಣಲ್ಲಿ ನೀರು ಬಂತು.

ಅದಕ್ಕೂ ಮಾಲಾ ಬಳ್ಳಿ ಸುತ್ತಿಸಿ ಶುಭೋದಯ ಬರೆದಳು. ಮಾರನೆಯ ಬೆಳಗ್ಗೆ ಗುಂಪಿಗೆ ಹೋಯಿತು. ಅದು ಶುಕ್ರವಾರ.

ಅಲ್ಲ, ಬೆಳಗಾಗೆದ್ದು ಶುಕ್ರವಾರದ ದಿನ ಇಡೀ ಬಳಗಕ್ಕೆ ಗೂಬೆಯ ಮುಖ ತೋರಿಸಿ ಶುಭೋದಯ ಹೇಳುವವರು ಈ ಭೂಮಿಯ ಮೇಲೆ ಇನ್ನೊಬ್ಬರು ಸಿಕ್ಕಾರೆಯೇ? ಚಿಕ್ಕಗಂಗಮ್ಮನೇನು ಇದನ್ನು ತಿಳಿಯದವರಲ್ಲ. ಅವರು ಸಣ್ಣವರಿದ್ದಾಗ ವಠಾರದ ಹೆಂಚಿನ ಮೇಲೆ ಒಂದು ಗೂಬೆ ಬಂದು ಕೂತಿದ್ದಕ್ಕೆ ಅಮ್ಮ ಮಕ್ಕಳನ್ನೆಲ್ಲ ಕಟ್ಟಿಕೊಂಡು ನಾಯಂಡಹಳ್ಳಿಯ ನಂಟರ ಮನೆಗೆ ಹೋಗಿ ಕೂತಿದ್ದರು. ಶಾಂತಿ ಮಾಡಿಸಿ ಹಾಲು ಉಕ್ಕಿಸಿದ ಮೇಲೆಯೇ ಮನೆಗೆ ಬಂದದ್ದು. ಎಲ್ಲ ಗೊತ್ತು. ಆದರೆ ಕ್ಯಾಮೆರಾದಲ್ಲಿ ನೋಡುವಾಗ ಅದು ಗೂಬೆ ಎಂಬುದೇ ಅವರಿಗೆ ಮರೆತುಹೋಗಿತ್ತು. ಒಂದು ಕಣ್ಣು ಮುಚ್ಚಿಕೊಂಡ ಮಗು ಅಷ್ಟೇ ಕಂಡಿತ್ತು. ಕಳಿಸುವಾಗಲೂ ಅದೇ ಗುಂಗು.

ಗುಂಪಿನಲ್ಲಿ ಬೆಂಕಿ ಬಿತ್ತು. ಒಬ್ಬರು ಲಕ್ಷ್ಮಿಯ ಚಿತ್ರ ಕಳಿಸಿ ದೋಷ ತೊಳೆದುಕೊಂಡರು, ಅದರ ಹಿಂದೆ ಇನ್ನೂ ಹತ್ತು ಜನ ಲಕ್ಷ್ಮಿಯನ್ನು ಕಳಿಸಿದರು. ಒಬ್ಬರು ಗುಂಪು ಬಿಟ್ಟೇ ಹೋದರು. ಚಿಕ್ಕಗಂಗಮ್ಮ ಮೊದಮೊದಲು ನಕ್ಕರು. ಆಮೇಲೆ ಅದನ್ನು ಅಳಿಸಿಬಿಡು ಎಂದು ಸೊಸೆಗೆ ಹೇಳಿದರು, ಅಷ್ಟರಲ್ಲಿ ನೋಡಬೇಕಾದವರೆಲ್ಲ ನೋಡಿಯಾಗಿತ್ತು. ಮಧ್ಯಾಹ್ನ ಸೊಪ್ಪು ಬಿಡಿಸುತ್ತಾ ಕೂತಿದ್ದಾಗ ಮಾಲಾ ಫೋನು ಹಿಡಿದುಕೊಂಡು ಬಂದಳು, ಮುಖ ಸಪ್ಪಗಾಗಿತ್ತು. ರಾಚಪ್ಪನವರು ಗುಂಪಿನಲ್ಲಿ ಬರೆದಿದ್ದರು: ಈ ಗಂಟು ನೋಡಿದರೆ ನಮ್ಮ ಮನೆ ಮುಂದಿನ ಮರದ್ದೇ ಇರಬೇಕು, ಆಳನ್ನು ಕರೆಸಿದ್ದೇನೆ, ಸಂಜೆಯೊಳಗೆ ಪೊಟರೆಗೆ ಸಿಮೆಂಟು ತುಂಬಿಸುತ್ತೇನೆ.

ಚಿಕ್ಕಗಂಗಮ್ಮ ಸೊಪ್ಪನ್ನು ಹಾಗೇ ಬಿಟ್ಟು ಚಪ್ಪಲಿ ಮೆಟ್ಟಿಕೊಂಡರು. ದಾರಿಯುದ್ದಕ್ಕೂ ಒಂದೇ ಯೋಚನೆ. ಸಿಮೆಂಟು ತುಂಬಿದರೆ ಮರಿಗಳು ಒಳಗೇ ಸತ್ತುಹೋಗುತ್ತವೆ. ಯಾರಿಗೂ ಕಾಣದೆ ಸುಖವಾಗಿದ್ದವನ್ನು ತೋರಿಸಿಕೊಟ್ಟವಳು ನಾನೇ.

ರಾಚಪ್ಪನವರ ಮನೆಯ ಮುಂದೆ ಏಣಿ ಆಗಲೇ ಮರಕ್ಕೆ ಒರಗಿತ್ತು. ಆಳು ಬಾಂಡ್ಲಿಯಲ್ಲಿ ಸಿಮೆಂಟು ಕಲಸುತ್ತಿದ್ದ. ಸುದ್ದಿ ತಿಳಿದು ಹನುಮಂತಯ್ಯನೂ ಬಂದು ನಿಂತಿದ್ದರು. ಹಗಲಾದ್ದರಿಂದ ಮರದ ಮೇಲೆ ತಾಯಿಯೂ ಇಲ್ಲ, ಪೊಟರೆಯ ಬಾಯಲ್ಲಿ ಮರಿಯೂ ಇಲ್ಲ, ಎಲ್ಲ ಒಳಗೆ ಮಲಗಿದ್ದವು. ರಾಚಪ್ಪ ಇವರನ್ನು ಬೈಯುತ್ತಾರೆ ಅಂದುಕೊಂಡರೆ ಕುರ್ಚಿ ತರಿಸಿ ಕೂರಿಸಿದರು, ನೀರು ಕೊಡಿಸಿದರು. ಇಷ್ಟೊಂದು ಪೊಟರೆಗಳಿವೆ, ಯಾವುದರಲ್ಲಿ ಅಂತ ನೀವು ಬೆರಳು ಮಾಡಿ ತೋರಿಸಿದರೆ ಸಾಕು, ಇಲ್ಲದಿದ್ದರೆ ಎಲ್ಲವನ್ನೂ ಮುಚ್ಚಿಸುತ್ತೇನೆ ಎಂದರು.

ಚಿಕ್ಕಗಂಗಮ್ಮ ಸಮಾಧಾನದಿಂದಲೇ ಶುರುಮಾಡಿದರು. ಗೂಬೆ ಅಂದರೆ ಇಲಿ ಹಿಡಿದು ತಿನ್ನುವ ಪಾಪದ ಹಕ್ಕಿ, ಎಲ್ಲೇ ಗೂಡು ಮಾಡಿದರೂ ಮರಿ ಸ್ವಲ್ಪ ದೊಡ್ಡವಾದರೆ ಹೊರಗೆ ಬರುತ್ತವೆ, ಅಲ್ಲಿಯವರೆಗೆ ತಡೆಯಬಾರದೇ ಎಂದು ಯಾರದೋ ಮರದ ವಿಷಯ ಹೇಳುವ ಹಾಗೆ ಹೇಳಿದರು. ರಾಚಪ್ಪ ತಲೆ ತಗ್ಗಿಸಿ ಕೇಳಿದರು. ಆಮೇಲೆ ಕಿಟಕಿಯ ಕಡೆ ನೋಡಿದರು. ಪರದೆಯ ಹಿಂದೆ ಅವರ ಮಗಳು ಗುರುದೇವಿ ನಿಂತಿದ್ದಳು, ಒಂದು ಕೈ ಸೊಂಟದ ಮೇಲೆ, ಒಂದು ಕೈ ತುಂಬಿದ ಹೊಟ್ಟೆಯ ಮೇಲೆ. ಹೆರಿಗೆಗೆ ತವರಿಗೆ ಬಂದವಳು.

"ನಾ ಹುಚ್ಚ ಅಲ್ರೀ ಅಕ್ಕಾರ," ರಾಚಪ್ಪ ದನಿ ತಗ್ಗಿಸಿ ಹೇಳಿದರು. "ಗೂಬಿ ಏನೂ ಮಾಡೂದಿಲ್ಲ ಅಂತ ನನಗೂ ಗೊತ್ತೈತಿ. ಆದ್ರ ನನ್ನ ಮಗಳು ಎರಡು ಸಲ ಕಳಕೊಂಡಾಳ. ಈ ಸಲ ಏನರ ಹೆಚ್ಚುಕಮ್ಮಿ ಆತಂದ್ರ, ಮರದಾಗ ಗೂಬಿ ಇದ್ದದ್ದು ಗೊತ್ತಿದ್ದೂ ಸುಮ್ನ ಕುಂತೆ ಅಂತ ನಾ ಸಾಯೂತನಕ ಕೊರಗಬೇಕು."

ಇದಕ್ಕೆ ಇಲಿಯ ಲೆಕ್ಕ ಒಪ್ಪಿಸಿ ಏನು ಪ್ರಯೋಜನ? ಆ ಮನುಷ್ಯ ಹೆದರಿದ್ದ, ಹೆದರಿಕೆ ಸುಳ್ಳಾಗಿರಲಿಲ್ಲ. ಗೊತ್ತಿದ್ದೂ ಸುಮ್ಮನಿರಲು ರಾಚಪ್ಪನವರಿಗೆ ಆಗದು. ಹಾಗಾದರೆ ಅವರಿಗೆ ಗೊತ್ತಿಲ್ಲದ ಹಾಗೆ ಮಾಡಬೇಕು.

"ಆ ಫೋಟೋ ಈ ಮರದ್ದಲ್ಲ ಸಾರ್," ಎಂದರು. "ಎಲ್ಲಿಯದೋ ಗೊತ್ತಿಲ್ಲ. ಅದು ಫಾರ್ವರ್ಡ್."

ಆಳು ಕಲಸುವುದನ್ನು ನಿಲ್ಲಿಸಿದ. ರಾಚಪ್ಪ ನಂಬಲಿಲ್ಲ, ನೀವು ಆ ಪೈಕಿ ಅಲ್ಲ ಅನ್ನುವುದು ಬಳಗಕ್ಕೇ ಗೊತ್ತಿದೆ, ದಿನಾ ಬೆಳಗ್ಗೆ ಕ್ಯಾಮೆರಾ ಹಿಡಿದು ಈ ಏರಿಯ ಮೇಲೆ ನಿಲ್ಲುವುದನ್ನು ನಾನೇ ನೋಡಿದ್ದೇನೆ ಎಂದರು. ಹನುಮಂತಯ್ಯನಿಗೆ ಇದು ತಮ್ಮ ಕ್ಯಾಲೆಂಡರಿನ ಮಾನದ ಪ್ರಶ್ನೆಯಾಗಿ ಕಂಡಿತು. ಒಂದು ಹೆಜ್ಜೆ ಮುಂದೆ ಬಂದು, ಗಂಗಮ್ಮನೋರು ಹಾಕಿದ ಒಂದೊಂದು ಚಿತ್ರವೂ ಅವರೇ ತೆಗೆದದ್ದು, ಬೇಕಾದರೆ ನಾನು ಆಣೆ ಮಾಡ್ತೀನಿ, ಅಂಥ ಕೆಲಸ ಮಾಡೋರಲ್ಲ ಅವರು ಎಂದು ಎದೆ ತಟ್ಟಿಕೊಂಡರು. ಒಳ್ಳೆಯದನ್ನು ಮಾಡಹೊರಟ ಆ ಮಹಾನುಭಾವರು ಮರಿಗಳ ಕುತ್ತಿಗೆಗೇ ಕೈ ಹಾಕಿದ್ದರು. ಎಲ್ಲವೂ ಇವರದೇ ಆದರೆ ಗೂಬೆಯೂ ಇವರದೇ. ಗೂಬೆ ಇವರದಾದರೆ ಮರ ಇದೇ. ರಾಚಪ್ಪ ಆಳಿಗೆ ಏಣಿ ಹತ್ತು ಎಂದು ಕೈ ತೋರಿಸಿದರು.

ಚಿಕ್ಕಗಂಗಮ್ಮ ಕುರ್ಚಿಯಿಂದ ಎದ್ದರು. ನೆಲ ನೋಡುತ್ತಲೇ ಮಾತಾಡಿದರು.

"ಯಾವುದೂ ನಾನು ತೆಗೆದಿದ್ದಲ್ಲ ಸಾರ್. ಮಿಂಚುಳ್ಳಿ, ನೀರುಕಾಗೆ, ಎಲ್ಲಾ ಫಾರ್ವರ್ಡೇ. ನನ್ನ ಸೊಸೆ ಎಲ್ಲಿಂದಲೋ ಇಳಿಸಿಕೊಡ್ತಾಳೆ, ನಂದೂಂತ ಹಾಕ್ತೀನಿ. ನಾಲ್ಕು ಜನ ಚೆನ್ನಾಗಿದೆ ಅಂತಾರಲ್ಲ, ಆ ಆಸೆಗೆ."

"ಮತ್ತೆ ಆ ಕ್ಯಾಮೆರಾ?" ಹನುಮಂತಯ್ಯ ಕೇಳಿದರು. ದನಿ ಸಣ್ಣಗಾಗಿತ್ತು.

"ಕೆಟ್ಟೋಗಿ ವರ್ಷ ಆಯ್ತು. ಸುಮ್ನೆ ಕುತ್ತಿಗೆಗೆ ನೇತಾಕ್ಕೊಂಡು ಬರ್ತೀನಿ."

ಮನುಷ್ಯರು ತಮ್ಮನ್ನು ಹೆಚ್ಚಿಸಿಕೊಳ್ಳಲು ಸುಳ್ಳು ಹೇಳುತ್ತಾರೆ, ಇಷ್ಟು ಕೆಳಕ್ಕೆ ಇಳಿಸಿಕೊಳ್ಳಲು ಯಾರು ಸುಳ್ಳು ಹೇಳಿಯಾರು? ಅದಕ್ಕೇ ಇಬ್ಬರೂ ನಂಬಿದರು. ರಾಚಪ್ಪನ ಮುಖ ಹೂವಿನ ಹಾಗೆ ಅರಳಿತು. ನಂಬುವುದೇ ಅವರಿಗೆ ಬೇಕಾಗಿತ್ತು. ಕಿಟಕಿಯ ಕಡೆ ತಿರುಗಿ, ನಮ್ಮ ಮರದ್ದಲ್ಲವಂತೆ ತಾಯಿ, ಒಳಗೆ ಹೋಗಿ ಮಲಗು ಎಂದು ಕೂಗಿ ಹೇಳಿದರು. ಆಳು ಏಣಿ ಇಳಿಸಿದ. ಕಲಸಿದ್ದು ದಂಡವಾಗಬಾರದೆಂದು ಆ ಸಿಮೆಂಟಿನಲ್ಲಿ ಗೇಟಿನ ಮೆಟ್ಟಿಲ ಬಿರುಕು ಮುಚ್ಚಿದ. ಹನುಮಂತಯ್ಯ ಮಾತ್ರ ಚಿಕ್ಕಗಂಗಮ್ಮನನ್ನು ಇನ್ನೊಂದು ಸಲ ನೋಡಲೂ ಇಲ್ಲ. ಸಭೆಯಲ್ಲಿ ಜಗಳವಾಡಿದ ಮನುಷ್ಯ. ಛತ್ರಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಏರಿಯ ಮೇಲೆ ಹೊರಟುಹೋದರು.

ಮನೆಗೆ ಬಂದು ಹೇಳಿದಾಗ ಮಾಲಾ ಕೆಂಡವಾದಳು. ತನ್ನನ್ನೂ ಕಳ್ಳಿ ಮಾಡಿ ಬಂದಿದ್ದಕ್ಕೆ ಮೊದಲು ಬೈದಳು, ಆಮೇಲೆ ಅತ್ತೆಯ ಹೆಸರು ಹೋಯಿತೆಂದು ಅತ್ತಳು. ಎಲ್ಲ ಚಿತ್ರಗಳೂ ತನ್ನ ಫೋನಿನಲ್ಲಿವೆ, ತೆಗೆದ ದಿನಾಂಕ ಸಮೇತ ಇವೆ, ಈಗಲೇ ಗುಂಪಿಗೆ ಹಾಕಿ ಎಲ್ಲರ ಬಾಯಿ ಮುಚ್ಚಿಸುತ್ತೇನೆ ಎಂದಳು. ಚಿಕ್ಕಗಂಗಮ್ಮ ಫೋನನ್ನು ಅವಳ ಕೈಯಿಂದ ಕಿತ್ತುಕೊಂಡರು. ಬಾಯಿ ಮುಚ್ಚಿಸೋಕೆ ಹೋದರೆ ಪೊಟರೆಯೂ ಮುಚ್ಚುತ್ತೆ ಕಣೇ ಎಂದು ಹೇಳಿ, ಅವಳ ಕೈಯನ್ನು ತಮ್ಮ ತಲೆಯ ಮೇಲಿಟ್ಟು ಆಣೆ ಹಾಕಿಸಿಕೊಂಡರು.

ಬಳಗದ ಬಾಯಿ ಕೇಳಬೇಕೇ? ಗಂಗಮ್ಮನ ಫೋಟೋ ಎಲ್ಲಾ ಡೌನ್‌ಲೋಡಂತೆ ಎಂಬ ಮಾತು ಕೆರೆಯನ್ನು ಒಂದು ಸುತ್ತು ಹಾಕಿ ಬರಲು ಒಂದು ಬೆಳಗ್ಗೆ ಸಾಕಾಯಿತು. ಹಿಂದೆ ಮಿಂಚುಳ್ಳಿಯ ದಿನ ಇವರಿಂದ ಬೈಸಿಕೊಂಡಿದ್ದವರು ಆ ಧ್ವನಿ ಸಂದೇಶವನ್ನೇ ಹುಡುಕಿ ತೆಗೆದು, ಎಲ್ಲರೂ ಮತ್ತೆ ಕೇಳಿ ಎಂದು ಗುಂಪಿಗೆ ಹಾಕಿದರು. ಏರಿಯ ಮೇಲೆ ಸಿಕ್ಕಾಗ ಕೆಲವರು, ಇವತ್ತು ಯಾವ ಕಾಡಿಂದ ಬಂತಮ್ಮ ಹಕ್ಕಿ ಎಂದು ಕಿಚಾಯಿಸಿದರು. ಚಿಕ್ಕಗಂಗಮ್ಮ ಕೇಳಿಸದವರ ಹಾಗೆ ನಡೆದರು. ಕ್ಯಾಮೆರಾವನ್ನು ಬೀರುವಿನಲ್ಲಿ ಸೀರೆಗಳ ಕೆಳಗೆ ಇಟ್ಟುಬಿಟ್ಟಿದ್ದರು. ಕ್ಯಾಲೆಂಡರು ಬಂತು. ಅದರಲ್ಲಿ ಯಾವುದೋ ದೇಶದ ಕೆರೆ, ಹಿಮದ ಬೆಟ್ಟ, ನೀಲಿ ನೀರಿನ ಮೇಲೆ ಬಿಳಿ ಹಂಸ. ಮೂಲೆಯಲ್ಲಿ ಯಾರ ಹೆಸರೂ ಇರಲಿಲ್ಲ. ಮನೆಮನೆಗೂ ಒಂದೊಂದು ಹಂಚುತ್ತಾ ಬಂದ ಹನುಮಂತಯ್ಯ ಇವರದನ್ನು ಗೇಟಿಗೆ ಸಿಕ್ಕಿಸಿ ಹೋದರು, ಕರೆಗಂಟೆ ಒತ್ತಲಿಲ್ಲ. ಅವತ್ತು ಚಿಕ್ಕಗಂಗಮ್ಮನಿಗೆ ಅಳು ಬಂತು. ಹೆಸರು ಹೋದದ್ದಕ್ಕಿಂತ ಆ ಒಳ್ಳೆಯ ಮನುಷ್ಯನನ್ನು ಬೆಪ್ಪು ಮಾಡಿದ್ದು ಹೆಚ್ಚು ಉರಿಯುತ್ತಿತ್ತು.

ಅದಕ್ಕಿಂತ ದೊಡ್ಡದೊಂದು ಭಯವಿತ್ತು, ಅದನ್ನು ಸೊಸೆಗೂ ಹೇಳಿರಲಿಲ್ಲ. ಗೂಬೆಯಿಂದ ಏನೂ ಆಗುವುದಿಲ್ಲ ಎಂದು ಅವರ ಬುದ್ಧಿ ಹೇಳುತ್ತಿತ್ತು. ಆದರೆ ನಂಟರ ಮನೆಗೆ ಓಡಿದ್ದ ಅಮ್ಮನ ಮಗಳಲ್ಲವೇ ಅವರು? ಗುರುದೇವಿಯ ದಿನ ತುಂಬುತ್ತಾ ಬಂದಂತೆ ಅವರಿಗೆ ಊಟ ಸೇರದಾಯಿತು. ಆ ಹುಡುಗಿಗೆ ಏನಾದರೂ ಆದರೆ, ರಾಚಪ್ಪ ಕೊರಗುವ ಬದಲು ನಾನು ಕೊರಗಬೇಕು, ಅವರ ಪಾಲಿನ ಕೊರಗನ್ನೂ ಸುಳ್ಳು ಹೇಳಿ ನಾನೇ ಕೊಂಡು ತಂದೆ ಅನ್ನಿಸುತ್ತಿತ್ತು. ಅಣ್ಣಮ್ಮ ದೇವಿಗೆ ಮಡಿಲಕ್ಕಿ ಕಟ್ಟುತ್ತೇನೆಂದು ಹರಸಿಕೊಂಡರು. ಯಾರಿಗಾಗಿ ಎಂದು ದೇವಿ ಕೇಳಿದ್ದರೆ ಮಗುವಿಗಾಗಿಯೂ ಹೌದು, ಮರಿಗಳಿಗಾಗಿಯೂ ಹೌದು ಎನ್ನಬೇಕಿತ್ತು. ದಿನಾ ಬೆಳಗ್ಗೆ ಮರದ ಕೆಳಗೆ ಹಾಯುವಾಗ ನಿಲ್ಲದೆ, ಒಂದೇ ಒಂದು ಸಲ ಕಣ್ಣೆತ್ತಿ ನೋಡುತ್ತಿದ್ದರು. ಮರಿಗಳು ದೊಡ್ಡವಾಗುತ್ತಿದ್ದವು. ಒಂದು ದಿನ ಎರಡೂ ಪೊಟರೆ ಬಿಟ್ಟು ತಾಯಿಯ ಪಕ್ಕ ಕೊಂಬೆಯ ಮೇಲೆ ಕೂತಿದ್ದವು. ಅದರಲ್ಲಿ ಒಂದು ಹಾರಲು ಹೋಗಿ ಎಲೆಗಳಿಗೆ ಢಿಕ್ಕಿ ಹೊಡೆದು, ಏನೂ ಆಗದವರ ಹಾಗೆ ಸುಧಾರಿಸಿಕೊಂಡು ಕೂತಿತು. ಆ ಬೆಳಗ್ಗೆ ಕೈಯಲ್ಲಿ ಕ್ಯಾಮೆರಾ ಇಲ್ಲದ್ದಕ್ಕೆ ಬೆರಳುಗಳು ಚಡಪಡಿಸಿದವು.

ಸಂಕ್ರಾಂತಿ ಕಳೆದ ಮೇಲೆ ಗುರುದೇವಿಗೆ ಹೆರಿಗೆಯಾಯಿತು. ಹೆಣ್ಣು ಮಗು, ತಾಯಿ ಮಗು ಆರೋಗ್ಯ. ರಾಚಪ್ಪ ಏರಿಯ ಮೇಲೆ ನಿಂತು ಬಂದವರಿಗೆಲ್ಲ ಧಾರವಾಡ ಪೇಢೆ ಹಂಚಿದರು. ಚಿಕ್ಕಗಂಗಮ್ಮನಿಗೆ ಎರಡು ಕೊಟ್ಟರು. ಇವರು ಪೇಢೆಯನ್ನು ಬಾಯಿಗೆ ಹಾಕಿಕೊಳ್ಳಲೂ ಆಗದೆ ಅಲ್ಲೇ ಕಲ್ಲುಬೆಂಚಿನ ಮೇಲೆ ಕೂತು ಸೆರಗಿನಲ್ಲಿ ಮುಖ ಒರೆಸಿಕೊಂಡರು. ಪಕ್ಕದಲ್ಲಿದ್ದವರು ಮಂಡಿನೋವೇ ಎಂದು ಕೇಳಿದರು, ಹೌದು ಎಂದರು.

ಮರುದಿನದಿಂದ ಕ್ಯಾಮೆರಾ ಮತ್ತೆ ಹೊರಗೆ ಬಂತು, ಆದರೆ ತರಕಾರಿ ಚೀಲದ ಒಳಗೆ. ಯಾರೂ ಬಾರದ ಜೊಂಡಿನ ಮೂಲೆಯಲ್ಲಿ ಮಾತ್ರ ಅದನ್ನು ತೆಗೆಯುತ್ತಾರೆ. ಚಿತ್ರಗಳು ಮಾಲಾಳ ಫೋನಿಗೆ ಇಳಿಯುತ್ತವೆ, ಅತ್ತೆ ಸೊಸೆ ಇಬ್ಬರೇ ಕೂತು ನೋಡುತ್ತಾರೆ. ಮಸುಕಾದದ್ದನ್ನು ಈಗಲೂ ನಿರ್ದಯವಾಗಿಯೇ ಅಳಿಸುತ್ತಾರೆ. ಶುಭೋದಯ ಎಂದು ಬರೆಯುವುದಿಲ್ಲ.

ಮೊನ್ನೆ ರಾಚಪ್ಪನವರ ಮನೆಯ ಮುಂದೆ ಹಾಯುತ್ತಿದ್ದಾಗ ಅವರು ಗೇಟಿನಲ್ಲಿ ನಿಂತಿದ್ದರು. ಟವೆಲಿನಲ್ಲಿ ಸುತ್ತಿದ ಮೊಮ್ಮಗಳಿಗೆ ಎಳೆಬಿಸಿಲು ಕಾಯಿಸುತ್ತಿದ್ದರು. ಬರ್ರಿ ಅಕ್ಕಾರ ಎಂದು ಕರೆದು ಮಗುವನ್ನು ತೋರಿಸಿದರು. ಚಿಕ್ಕಗಂಗಮ್ಮ ಅದರ ಅಂಗಾಲನ್ನು ಬೆರಳಿನಿಂದ ಮುಟ್ಟಿದರು. ಮಗು ಒಂದು ಕಣ್ಣು ತೆರೆದು, ಇವರನ್ನು ನೋಡಿ, ಬೇಡವೆಂದು ಮತ್ತೆ ಮುಚ್ಚಿತು. ರಾಚಪ್ಪನವರಿಗೆ ಮಾತಾಡುವ ಹುಮ್ಮಸ್ಸು ಬಂದಿತ್ತು. ಹಗಲೆಲ್ಲ ಮಲಗುತ್ತದೆ, ಸಂಜೆಯಾದರೆ ಮನೆ ಮಂದಿಯನ್ನೆಲ್ಲ ಕುಣಿಸುತ್ತದೆ, ಜೋಗುಳ ಹಾಡಿದರೂ ಇಲ್ಲ, ಗಿಲಕಿ ಆಡಿಸಿದರೂ ಇಲ್ಲ ಎಂದು ದೂರು ಹೇಳಿದರು.

"ಆದ್ರ ಒಂದು ಮಜಾ ಕೇಳ್ರಿ," ಎಂದರು. "ಹೊತ್ತು ಮುಳುಗೂ ಮುಂದ ಈ ಮರದಾಗ ಯಾವುದೋ ಒಂದು ಹಕ್ಕಿ ಕಿರ್ರ್ ಕಿರ್ರ್ ಅಂತ ಶುರು ಹಚ್ಚತೈತಿ. ಅದರ ದನಿ ಕೇಳಿದ್ರ ಸಾಕು, ಈಕಿ ಗಪ್ಪ ಆಗತಾಳ. ಕಿವಿಗೊಟ್ಟು ಕೇಳಕೋಂತ ಹಂಗ ನಿದ್ದಿ ಹೋಗತಾಳ. ದಿನಾ ಅದು ಬರ್ಲೆಪ್ಪಾ ಅಂತ ಕಾಯಾಕತ್ತೀವಿ ನಾವು. ಯಾವ ಹಕ್ಕಿರೀ ಅದು, ನಿಮಗೇನರ ಗೊತ್ತೈತೇನು?"

ಚಿಕ್ಕಗಂಗಮ್ಮ ತರಕಾರಿ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸಿಕೊಂಡರು. ಹೆಸರು ನಾಲಿಗೆಯ ತುದಿಯವರೆಗೆ ಬಂದಿತ್ತು. ಮರದ ಕಡೆ ನೋಡಲಿಲ್ಲ.

"ನನಗೇನು ಗೊತ್ತಾಗುತ್ತೆ ಸಾರ್," ಎಂದರು. "ನಾನು ಹಕ್ಕಿ ನೋಡಿದೋಳಲ್ಲ."